ಬೇಕಾದೀತು ಡಬ್ಬಿ

ಮಾರ್ಚ್ 4, ಸೋಮವಾರ

ಇವತ್ತು ಲೆಕ್ಕದಮ್ಮನ ಜೊತೆ ಮೊದಲ ಜಗಳ. ಗೆದ್ದದ್ದು ನಾನೇ.

ಲೆಕ್ಕದಮ್ಮ ಅಂದರೆ ಮೂರು ತಿಂಗಳ ಹಿಂದೆ ನಮ್ಮ ಆಸ್ಪತ್ರೆಗೆ ಬಂದ ಗಣಿತದ ಮೇಡಂ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿ, ಈಗ ನಮ್ಮ ಲ್ಯಾಬಿನ ಮೂಲೆಯಲ್ಲಿ ಎರಡು ಪರದೆ ಇಟ್ಟುಕೊಂಡು ಕೂತಿದ್ದಾಳೆ. ಒಬ್ಬ ರೋಗಿಯ ಸ್ಕ್ಯಾನು, ಅವರ ಗೆಡ್ಡೆಯ ಪ್ರೋಟೀನು, ಅದರ ಜೀನು, ಈ ಮೂರನ್ನೂ ಒಂದೇ ಕಡೆ ಸೇರಿಸಿ ಯಾವ ಔಷಧಿ ಹಿಡಿಸುತ್ತದೆ ಅಂತ ಹೇಳುವುದು ಆಕೆಯ ಕೆಲಸವಂತೆ. ಇಷ್ಟು ದಿನ ಮೂರು ವರದಿ ಮೂರು ಕೋಣೆಯಿಂದ ಮೂರು ಬೇರೆ ದಿನ ಹೊರಡುತ್ತಿದ್ದವು. ಒಂದರ ಮುಖ ಇನ್ನೊಂದು ನೋಡಿದ್ದೇ ಇಲ್ಲ.

"ನೀವು ಕತ್ತರಿಸೋ ಕೆಲಸಾನ ಹಂತ ಹಂತವಾಗಿ ಬರೆದು ಕೊಡ್ತೀರಾ?" ಅಂದಳು.

"ಕೈಗೆ ಗೊತ್ತಿರೋದನ್ನ ಬರೆಯೋಕಾಗಲ್ಲ ಮೇಡಂ. ನೀವು ಹೇಗೆ ನಡೀತೀರಿ ಅಂತ ಮೊದಲು ಬರೆದು ಕೊಡಿ, ಆಮೇಲೆ ನೋಡೋಣ," ಅಂದೆ. ಸ್ಲೈಡಿಗೆ ಬಣ್ಣ ಹಾಕುವ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕತ್ತರಿಸುವ ಯಂತ್ರದ ಮುಂದೆ ಕೂತಿದ್ದೇನೆ. ಸೂಜಿ ಹಾಕಿ ತೆಗೆದ ಮಾಂಸದ ಎಳೆಯನ್ನು ಮೇಣದಲ್ಲಿ ಹುದುಗಿಸಿ ಗಟ್ಟಿ ಮಾಡಿದ ಪುಟ್ಟ ಬ್ಲಾಕ್ ನನ್ನ ಕೈಗೆ ಬರುತ್ತದೆ. ಅದರಿಂದ ನಾನು ಪದರ ತೆಗೆಯುತ್ತೇನೆ. ಒಂದು ಕೂದಲನ್ನು ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟೋ ಅಷ್ಟು ತೆಳು. ಅದನ್ನು ಬಿಸಿನೀರಿನ ತಟ್ಟೆಯಲ್ಲಿ ತೇಲಿಸಿ ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳಬೇಕು. ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗುತ್ತದೆ. ಎಲ್ಲರೂ ನನ್ನನ್ನು ಬ್ಲೇಡಕ್ಕ ಅನ್ನುತ್ತಾರೆ. ಬ್ಲೇಡು ಹಿಡಿಯುವುದಕ್ಕೋ, ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲವೆಂದೋ, ಕೇಳಲು ಹೋಗಿಲ್ಲ.

ಬ್ಲಾಕಿನ ಮೇಲೆ ನಂಬರು ಇರುತ್ತದೆ, ಕೆಳಗೆ ಸಣ್ಣದಾಗಿ ಹೆಸರು. ನಾನು ನಂಬರು ಮಾತ್ರ ಓದುತ್ತೇನೆ. ಹೆಸರು ಓದಿದರೆ ಕೈ ನಡುಗುತ್ತದೆ ಅಂತ ನನಗೆ ಕಲಿಸಿದ ಗುರುಗಳು ಹೇಳಿದ್ದರು. ಇವತ್ತು ಬಂದ 418ರ ಹೆಸರು ಓದದೆಯೇ ಗೊತ್ತಿತ್ತು. ನನ್ನ ಅತ್ತಿಗೆಯದು. ಶನಿವಾರ ಅವರ ಶ್ವಾಸಕೋಶಕ್ಕೆ ಸೂಜಿ ಹಾಕಿದಾಗ ಹೊರಗೆ ಬೆಂಚಿನ ಮೇಲೆ ಕೂತಿದ್ದವಳು ನಾನೇ. ಬೇರೆಯವರಿಗೆ ಕೊಡಿ ಅಂದರು ನಮ್ಮ ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ. ಕೊಡಲಿಲ್ಲ. ಪ್ರೋಟೀನಿಗೆ ಅಂತ ಹನ್ನೆರಡು ಸ್ಲೈಡು ಕೇಳಿದ್ದರು, ಹನ್ನೆರಡನ್ನೂ ತೆಗೆದೆ. ಎಂದಿನಂತೆ ಮಿಕ್ಕಿದ್ದರಿಂದ ಸುರುಳಿ ಸುರುಳಿಯಾಗಿ ಪದರ ತೆಗೆದು ಜೀನ್ ಪರೀಕ್ಷೆಯ ಟ್ಯೂಬಿಗೆ ಹಾಕಿದೆ. ಕೈ ನಡುಗಲಿಲ್ಲ.

ಮಾರ್ಚ್ 6, ಬುಧವಾರ

ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಅತ್ತಿಗೆ ಕೆಳಗೆ, ನಾನು ಮೇಲೆ. ಅಣ್ಣ ಹೋಗಿ ಆರು ವರ್ಷ ಆದರೂ ಮನೆಯ ಸದ್ದು ಬದಲಾಗಿಲ್ಲ.

"ಏ ಪುಟ್ಟಿ, ನಂದನ್ನ ಕತ್ತರಿಸಿದ್ದು ಯಾರು?" ಅಂತ ತಲೆ ಎತ್ತದೆ ಕೇಳಿದರು. ನನಗೆ ಐವತ್ತೊಂದು. ಅವರಿಗೆ ನಾನಿನ್ನೂ ಪುಟ್ಟಿ. ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು. ಬಂದ ವಾರವೇ ನನ್ನ ಶಾಲೆಯ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟಿದ್ದರು.

"ನಾನೇ," ಅಂದೆ.

"ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡು."

ಬಸ್ಸಿನಲ್ಲಿ ಕೂತಾಗ ಎದೆ ಉಬ್ಬಿತ್ತು. ಇಂಥ ಹೊತ್ತಿನಲ್ಲಿ ಉಬ್ಬಬಾರದೇನೋ, ಆದರೂ ಉಬ್ಬಿತ್ತು.

ಮಾರ್ಚ್ 11, ಸೋಮವಾರ

ಕೋಪ ಇನ್ನೂ ಇಳಿದಿಲ್ಲ. ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ವಾರದ ಸಭೆಯಲ್ಲಿ ಲೆಕ್ಕದಮ್ಮ 418ರ ಚಿತ್ರಗಳನ್ನು ಗೋಡೆಯ ಪರದೆಯ ಮೇಲೆ ಬಿಟ್ಟಳು. ಸ್ಕ್ಯಾನಿನಲ್ಲಿ ಗೆಡ್ಡೆಯ ಆಕಾರ, ಅಂಚು ಎಲ್ಲ ನೋಡಿದರೆ ಜೀನಿನಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಇರಬೇಕು ಅನ್ನುತ್ತದೆ ಆಕೆಯ ಕಂಪ್ಯೂಟರು. ಆ ಬದಲಾವಣೆ ಆದಾಗ ಮಾತ್ರ ಹುಟ್ಟುವ ಪ್ರೋಟೀನು ಸ್ಲೈಡಿನ ಮೇಲೆ ಕಂದು ಬಣ್ಣಕ್ಕೆ ತಿರುಗಿ ಕೂತಿದೆ. ಜೀನ್ ವರದಿ ಮಾತ್ರ ಬದಲಾವಣೆ ಏನೂ ಇಲ್ಲ ಅನ್ನುತ್ತಿದೆ. ಎತ್ತು ಏರಿಗೆ, ಕೋಣ ನೀರಿಗೆ.

"ಮೂರರಲ್ಲಿ ಒಂದು ಬೇರೆಯವರದ್ದು ಇರಬಹುದಾ?" ಅಂದಳು. "ಕತ್ತರಿಸೋವಾಗ ಟ್ಯೂಬು ಅದಲು ಬದಲಾಗಿ..."

ನಾನು ಎದ್ದು ನಿಂತೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಟ್ಯೂಬು ಅದಲು ಬದಲಾದದ್ದು ತೋರಿಸಿ, ಬ್ಲೇಡು ಇಲ್ಲೇ ಇಟ್ಟು ಮನೆಗೆ ಹೋಗುತ್ತೇನೆ ಅಂದೆ. ಸ್ಕ್ಯಾನ್ ಡಾಕ್ಟರು ಎಲ್ಲದಕ್ಕೂ ತಮಾಷೆ ಮಾಡುವ ಮನುಷ್ಯ. "ಬ್ಲೇಡಕ್ಕ, ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?" ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳ ಕಂಪ್ಯೂಟರಿಗೆ ಲೆಕ್ಕ ಕೂಡದಿದ್ದರೆ ನನ್ನ ಕೈ ಡೊಂಕು.

ಮಾರ್ಚ್ 12, ಮಂಗಳವಾರ

ಅತ್ತಿಗೆಯ ಜೊತೆ ಔಷಧಿ ಡಾಕ್ಟರ ಹತ್ತಿರ ಹೋಗಿದ್ದೆ. ಜೀನಿನಲ್ಲಿ ಬದಲಾವಣೆ ಇದ್ದಿದ್ದರೆ ದಿನಕ್ಕೊಂದು ಮಾತ್ರೆ ಸಾಕಿತ್ತಂತೆ. ಇಲ್ಲವಾದ್ದರಿಂದ ರಕ್ತನಾಳಕ್ಕೆ ಹನಿ ಹನಿಯಾಗಿ ಬಿಡುವ ಔಷಧಿ. ಇಪ್ಪತ್ತನೇ ತಾರೀಕು, ಬುಧವಾರ ಶುರು.

ಅತ್ತಿಗೆ ಕೂದಲಿನ ಬಗ್ಗೆ ಕೇಳಲಿಲ್ಲ, ವಾಂತಿಯ ಬಗ್ಗೆ ಕೇಳಲಿಲ್ಲ. "ಬೆರಳಿಗೆ ಏನಾದ್ರೂ ಆಗುತ್ತಾ?" ಅಂದರು. ತುದಿಗಳು ಜೋಮು ಹಿಡಿಯಬಹುದು, ಕೆಲವರಿಗೆ ಹಾಗೇ ಉಳಿದುಬಿಡುತ್ತದೆ ಅಂದರು ಡಾಕ್ಟರು. ಅತ್ತಿಗೆ ಬಲಗೈಯ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜಿ ನೋಡಿಕೊಂಡರು. ಬಟ್ಟೆ ಹತ್ತಿಯೋ ಅಲ್ಲವೋ ಅಂತ ಅಂಗಡಿಯಲ್ಲಿ ನೋಡುವುದು ಹಾಗೆಯೇ.

ಇನ್ನೊಂದು ಸಲ ಸೂಜಿ ಹಾಕಿ ನೋಡಬಾರದೇ ಅಂತ ಕೇಳಿದೆ. ಮೊದಲ ಸಲವೇ ಶ್ವಾಸಕೋಶದಿಂದ ಗಾಳಿ ಸೋರಿ ಎರಡು ದಿನ ಕಷ್ಟಪಟ್ಟಿದ್ದಾರೆ, ಕಾರಣ ಇಲ್ಲದೆ ಮತ್ತೆ ಹಾಕಲ್ಲ ಅಂದರು.

ಮಾರ್ಚ್ 13, ಬುಧವಾರ

ನನ್ನ ಮೇಲೆ ಮಾತು ಬಂದ ಮೇಲೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಟ್ಯೂಬಿನಲ್ಲಿದ್ದ ಜೀನನ್ನೂ ಅತ್ತಿಗೆಯ ರಕ್ತವನ್ನೂ ಹೋಲಿಸಿ ನೋಡಿ, ಒಬ್ಬರದೇ ಹೌದೋ ಅಲ್ಲವೋ ತಿಳಿಯಲಿ ಅಂತ ಡಾಕ್ಟರಮ್ಮನ ಮುಂದೆ ಪಟ್ಟು ಹಿಡಿದೆ. ಒಪ್ಪಿದರು. ಶುಕ್ರವಾರ ಫಲಿತಾಂಶ.

ಹೋಗುವ ಮುಂಚೆ ಅವರು ಕೇಳಿದರು: "ಅಂದ ಹಾಗೆ, ಆ ಡಬ್ಬಿ ಎಸೆದ್ರಾ?"

"ಎಸೆದೆ ಮೇಡಂ."

ಎಸೆದಿಲ್ಲ. ಪದರ ತೆಗೆಯುವಾಗ ರಿಬ್ಬನ್ನಿನಂತೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಕೇಳಿದಷ್ಟನ್ನು ಎತ್ತಿಕೊಂಡ ಮೇಲೂ ನೀರಿನಲ್ಲಿ ಎರಡು ಮೂರು ತೇಲುತ್ತಿರುತ್ತವೆ. ಉಳಿದವರು ಒರೆಸಿ ಬಿಸಾಡುತ್ತಾರೆ. ನನಗೆ ಕೈ ಬರುವುದಿಲ್ಲ. ಅವನ್ನೂ ಸ್ಲೈಡಿನ ಮೇಲೆ ಎತ್ತಿ, ನಂಬರು ಬರೆದು, ಬಣ್ಣ ಹಾಕದೆ ಡಬ್ಬಿಯಲ್ಲಿ ಇಡುತ್ತೇನೆ. ಯಾಕೆ ಅಂದರೆ ಬೇಕಾದೀತು ಅನ್ನುತ್ತೇನೆ. ಅದಕ್ಕೇ ಅದರ ಹೆಸರು ಬೇಕಾದೀತು ಡಬ್ಬಿ. ಒಂದು ಹೋಗಿ ಏಳಾದಾಗ ಡಾಕ್ಟರಮ್ಮ, ಇದು ಲ್ಯಾಬೋ ಹಳೇ ಸಾಮಾನಿನ ಅಂಗಡಿಯೋ ಅಂತ ಬೈದು, ಎಸೆಯಲು ಹೇಳಿದ್ದರು. ಏಳೂ ಈಗ ನನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲಿ, ಕೈಗವಸಿನ ರಟ್ಟಿನ ಪೆಟ್ಟಿಗೆಯ ಒಳಗೆ ಸುಖವಾಗಿವೆ.

ಮಾರ್ಚ್ 15, ಶುಕ್ರವಾರ

ಒಬ್ಬರದೇ! ಟ್ಯೂಬಿನಲ್ಲಿದ್ದದ್ದು ಅತ್ತಿಗೆಯದೇ. ಅದಲೂ ಇಲ್ಲ, ಬದಲೂ ಇಲ್ಲ.

ವರದಿಯನ್ನು ಲೆಕ್ಕದಮ್ಮನ ಮೇಜಿನ ಮೇಲೆ ಇಟ್ಟು, ಎಲ್ಲರಿಗೂ ನನ್ನ ಕಡೆಯಿಂದ ಚಹಾ ಹೇಳಿದೆ. ಸ್ಕ್ಯಾನ್ ಡಾಕ್ಟರು ಎರಡು ಲೋಟ ಕುಡಿದರು. ಲೆಕ್ಕದಮ್ಮ ವರದಿಯನ್ನು ಎರಡು ಸಲ ಓದಿ, "ತಪ್ಪು ನಂದು. ನಿಮ್ಮನ್ನ ಹಾಗೆ ಕೇಳಬಾರದಿತ್ತು," ಅಂದಳು. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ. ಎದುರಿನವರು ಹೀಗೆ ಅಂದುಬಿಟ್ಟರೆ ಏನು ಮಾಡುವುದು?

ಆಮೇಲೆ ಒಂದು ಹಾಳೆ ಕೊಟ್ಟಳು. ಹದಿನಾಲ್ಕು ನಂಬರು. ಎರಡು ವರ್ಷದಲ್ಲಿ ಮುನ್ನೂರು ಚಿಲ್ಲರೆ ರೋಗಿಗಳಲ್ಲಿ ಈ ಹದಿನಾಲ್ಕರಲ್ಲಿ ಮಾತ್ರ ಸ್ಕ್ಯಾನು ಮತ್ತು ಪ್ರೋಟೀನು ಹೌದು ಅಂದಿವೆ, ಜೀನು ಇಲ್ಲ ಅಂದಿದೆ. ಕೊನೆಯದು 418.

"ಇವುಗಳಲ್ಲಿ ಏನೋ ಒಂದು ಸಾಮಾನ್ಯ ಇದೆ. ನಂಗೆ ಅಂಕಿ ಗೊತ್ತು, ಕೈ ಕೆಲಸ ಗೊತ್ತಿಲ್ಲ. ನೀವು ನೋಡಿ ಹೇಳಿ," ಅಂದಳು. ಸರಿ, ನಾಳೆ ನೋಡಿ ಹೇಳುತ್ತೇನೆ. ನನಗೆ ಗೊತ್ತಾಗದ್ದು ಈ ಲ್ಯಾಬಿನಲ್ಲಿ ಏನಿದೆ.

ಮಾರ್ಚ್ 16, ಶನಿವಾರ

ನಾನೇ.

ರಿಜಿಸ್ಟರು ತೆಗೆದು ಹದಿನಾಲ್ಕನ್ನೂ ನೋಡಿದೆ. ಎಲ್ಲವೂ ಸೂಜಿಯಲ್ಲಿ ತೆಗೆದ ಸಣ್ಣ ಎಳೆಗಳು. ಎಲ್ಲದಕ್ಕೂ ಪ್ರೋಟೀನಿಗೆ ಹತ್ತು, ಹನ್ನೆರಡು, ಒಂದಕ್ಕೆ ಹದಿನಾಲ್ಕು ಸ್ಲೈಡು ಕೇಳಿದ್ದಾರೆ. ಎಲ್ಲದರಲ್ಲೂ ಕತ್ತರಿಸಿದವರ ಕಾಲಂನಲ್ಲಿ ನನ್ನ ಸಹಿ.

418ರ ಬ್ಲಾಕಿನಲ್ಲಿ ಉಗುರಿನಷ್ಟು ಉಳಿದಿತ್ತು. ಒಂದು ಪದರ ತೆಗೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಗೆಡ್ಡೆ ಇಲ್ಲ. ಆರೋಗ್ಯವಾದ ಶ್ವಾಸಕೋಶ, ಬಲೆಯ ಹಾಗೆ, ನೋಡಲು ಚಂದ. ಮೊದಲ ಹನ್ನೆರಡು ಪದರಕ್ಕೇ ಗೆಡ್ಡೆ ಮುಗಿದುಹೋಗಿತ್ತು. ಜೀನ್ ಪರೀಕ್ಷೆಗೆ ನಾನು ಕೊಟ್ಟದ್ದು ಅತ್ತಿಗೆಯ ಆರೋಗ್ಯವಾದ ಭಾಗವನ್ನು. ಅದರಲ್ಲಿ ಕಾಯಿಲೆಯ ಗುರುತು ಎಲ್ಲಿಂದ ಸಿಗಬೇಕು?

ಮೊದಲು ಪ್ರೋಟೀನು, ಮಿಕ್ಕಿದ್ದು ಜೀನಿಗೆ. ಜೀನ್ ಪರೀಕ್ಷೆ ಶುರುವಾದಾಗ ದೊಡ್ಡ ದೊಡ್ಡ ತುಂಡು ಬರುತ್ತಿದ್ದವು, ಆ ಕ್ರಮ ಹಾಕಿದವಳೂ ನಾನೇ. ತುಂಡು ಸಣ್ಣದಾಯಿತು, ಸ್ಲೈಡು ಜಾಸ್ತಿಯಾಯಿತು, ಕ್ರಮ ಮಾತ್ರ ಹಾಗೇ ಉಳಿಯಿತು. ಹಂತ ಹಂತವಾಗಿ ಬರೆದು ಕೊಡಿ ಅಂತ ಲೆಕ್ಕದಮ್ಮ ಕೇಳಿದ ದಿನ ಬರೆದಿದ್ದರೆ ಮೂರನೇ ಸಾಲಿನಲ್ಲೇ ಸಿಕ್ಕಿಬೀಳುತ್ತಿದ್ದೆ.

ಕೈ ತಪ್ಪಲಿಲ್ಲ. ಕೈ ಏನು ಮಾಡುತ್ತಿದೆ ಅಂತ ನಾನು ಕೇಳಲಿಲ್ಲ.

ಮಾರ್ಚ್ 17, ಭಾನುವಾರ

ಅತ್ತಿಗೆ ಬುಧವಾರಕ್ಕೆ ಮುಂಚೆ ಮುಗಿಸಬೇಕು ಅಂತ ಹನ್ನೊಂದು ಬಟ್ಟೆ ಸಾಲಾಗಿ ಇಟ್ಟುಕೊಂಡಿದ್ದಾರೆ. ಗುಂಡಿ ಹೊಲಿಯಲು ನನ್ನನ್ನು ಕೂರಿಸಿದರು. ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ದಾರ ಕೇಳಿದೆ.

ಮಾರ್ಚ್ 18, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಲೆಕ್ಕದಮ್ಮನನ್ನೂ ಸ್ಕ್ಯಾನ್ ಡಾಕ್ಟರನ್ನೂ ಕರೆಸಿ ಅಂದೆ. ಮೂರು ಸಲ ಹೇಳುವ ಶಕ್ತಿ ಇರಲಿಲ್ಲ.

ಸ್ಕ್ಯಾನ್ ಡಾಕ್ಟರು ಇವತ್ತು ತಮಾಷೆ ಮಾಡಲಿಲ್ಲ. ಅತ್ತಿಗೆಗೆ ಸೂಜಿ ಹಾಕಿದಾಗಿನ ಚಿತ್ರ ತೆಗೆದು ತೋರಿಸಿದರು. ಸೂಜಿ ಗೆಡ್ಡೆಯ ನಡುವೆ ಹೋಗಿರಲಿಲ್ಲ, ಅಂಚನ್ನು ಸವರಿಕೊಂಡು ಹೋಗಿತ್ತು. "ಎಳೇಲಿ ಒಂದು ಮಗ್ಗುಲಷ್ಟೇ ಗೆಡ್ಡೆ. ಇದು ನಂಗೆ ಅವತ್ತೇ ಗೊತ್ತಿತ್ತು ಬ್ಲೇಡಕ್ಕ. ನಿಮಗೆ ಹೇಳಬೇಕು ಅಂತ ಹೊಳೀಲಿಲ್ಲ," ಅಂದರು.

"ಹನ್ನೆರಡು ಸ್ಲೈಡು ಕೇಳಿದವಳು ನಾನು. ಎಳೆ ಎಷ್ಟು ಸಣ್ಣದು ಅಂತ ನಾನೂ ಕೇಳಲಿಲ್ಲ," ಅಂದರು ಡಾಕ್ಟರಮ್ಮ. ಆಮೇಲೆ ಅವರೇ ಕೇಳಿದರು: "ಈಗ ಮಾಡೋದೇನು? ಬ್ಲಾಕಲ್ಲಿ ಗೆಡ್ಡೆ ಇಲ್ಲ, ಮತ್ತೆ ಸೂಜಿ ಹಾಕೋ ಹಾಗಿಲ್ಲ, ಬುಧವಾರ ಔಷಧಿ ಶುರು."

ನಾನು ಹೋಗಿ ರಟ್ಟಿನ ಪೆಟ್ಟಿಗೆ ತಂದು ಅವರ ಮೇಜಿನ ಮೇಲೆ ಇಟ್ಟೆ. ಕೈಗವಸು ತೆಗೆದೆ. ಕೆಳಗೆ ಏಳು ಡಬ್ಬಿ.

"ಎಸೆದೆ ಅಂದಿದ್ರಿ!"

"ಅದೂ ಸುಳ್ಳು ಮೇಡಂ. ಎರಡಕ್ಕೂ ಒಟ್ಟಿಗೆ ಬೈದುಬಿಡಿ."

418ರದು ಮೂರು ಸ್ಲೈಡು ಇದ್ದವು. ಮೂರೂ ಆ ಹನ್ನೆರಡರ ಜೊತೆಗೇ ಬಂದ ಮೊದಲ ರಿಬ್ಬನ್ನಿನವು. ಅಂದರೆ ಗೆಡ್ಡೆ ತುಂಬಿಕೊಂಡಿದ್ದ ಪದರಗಳು. ಲೆಕ್ಕದಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಬ್ಲೇಡಿನ ತುದಿಯಿಂದ ಆ ಪದರಗಳನ್ನು ನಾನೇ ಕೆರೆದು ಟ್ಯೂಬಿಗೆ ಹಾಕಿದೆ. ಅವರು ಪಕ್ಕದಲ್ಲಿ ನಿಂತು ಒಂದೊಂದು ಹೆಜ್ಜೆಯನ್ನೂ ಕೇಳಿ ಬರೆದುಕೊಂಡರು. ಇದು ಯಾಕೆ, ಅದು ಯಾಕೆ ಅಂತ ಮೂವತ್ತು ಪ್ರಶ್ನೆ ಕೇಳಿದರು. ನಾಲ್ಕಕ್ಕೆ "ಗೊತ್ತಿಲ್ಲ" ಅಂದೆ. ಬುಧವಾರ ಬೆಳಿಗ್ಗೆಯೊಳಗೆ ಉತ್ತರ ಬರುತ್ತದೆ.

ಮಾರ್ಚ್ 19, ಮಂಗಳವಾರ

ನಾಳೆ ಉತ್ತರ ಬಂದ ಮೇಲೆ ಹೇಳಿದರಾಯಿತು ಅಂತ ನಿನ್ನೆಯೆಲ್ಲ ಅಂದುಕೊಂಡೆ. ಒಳ್ಳೆಯದು ಬಂದರೆ ನನ್ನ ತಪ್ಪು ಆ ಸಂತೋಷದಲ್ಲಿ ತೇಲಿಹೋಗುತ್ತದೆ. ಕೆಟ್ಟದ್ದು ಬಂದರೆ ಹೇಳುವ ಅಗತ್ಯವೇ ಇರುವುದಿಲ್ಲ. ಎರಡೂ ನನಗೇ ಅನುಕೂಲ. ಅದು ಗೊತ್ತಾದ ಮೇಲೆ ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದೆ.

ಅತ್ತಿಗೆ ಕೊನೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ನಿಂತುಕೊಂಡೇ ಹೇಳಿದೆ. ಮೇಣ, ಪದರ, ಹನ್ನೆರಡು, ಮಿಕ್ಕಿದ್ದು. ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಆಫ್ ಮಾಡಿ, ಕೂತರು.

"ಅಂದ್ರೆ ಹೂವಿನ ಅಂಚು ಇರೋ ಬಟ್ಟೇಲಿ ತೋಳು, ಮೈ ಎಲ್ಲ ಕತ್ತರಿಸಿ, ಕೊರಳಪಟ್ಟಿಗೆ ಬರೀ ಬಿಳಿ ಉಳಿಸ್ದೆ."

"ಹೌದು ಅತ್ತಿಗೆ."

"ಎಷ್ಟು ಜನರಿಗೆ?"

ಅದನ್ನು ಕೇಳುತ್ತಾರೆ ಅಂದುಕೊಂಡಿರಲಿಲ್ಲ. "ನಿಮ್ಮನ್ನ ಬಿಟ್ಟು ಹದಿಮೂರು."

ಅವರು ಇಸ್ತ್ರಿಯಾದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಅತ್ತು ಮುಗಿಯುವವರೆಗೆ ಕಾದು, ಮುಖ ತೊಳೆದುಕೊಂಡು ಬಾ ಅಂದರು. ಬಂದ ಮೇಲೆ ಹೇಳಿದರು: "ನನಗೆ ಸಿಟ್ಟು ಬಂದಿದೆ ಪುಟ್ಟಿ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ನಾಳೆ ಏನೇ ಬರಲಿ, ಸಿಟ್ಟು ಇಳಿಯೋಕೆ ಸ್ವಲ್ಪ ದಿನ ಬೇಕು. ಆದ್ರೆ ಬಿಚ್ಚಿ ಹೊಲಿಯೋಕೆ ಬರದೇ ಇರೋರು ಹೊಲಿಗೆ ಯಂತ್ರದ ಮುಂದೆ ಕೂರಲೇಬಾರದು. ಹದಿಮೂರು ಜನರದ್ದು ಬಿಚ್ಚು."

ಮಾರ್ಚ್ 20, ಬುಧವಾರ

ಇದೆ. ಬದಲಾವಣೆ ಇದೆ. ಸ್ಕ್ಯಾನು ಹೇಳಿದ್ದೇ, ಪ್ರೋಟೀನು ಹೇಳಿದ್ದೇ, ಈಗ ಜೀನೂ ಹೇಳಿತು.

ಹನಿ ಔಷಧಿಯ ಕೋಣೆಯಲ್ಲಿ ಅತ್ತಿಗೆಯ ತೋಳಿಗೆ ಪಟ್ಟಿ ಕಟ್ಟಿಯಾಗಿತ್ತು. ಲೆಕ್ಕದಮ್ಮ ಎರಡು ಮಹಡಿ ಮೆಟ್ಟಿಲು ಓಡಿ ಹತ್ತಿ ಬಂದು, ಏದುಸಿರು ಬಿಡುತ್ತಾ ಹಾಳೆ ಎತ್ತಿ ಹಿಡಿದರು. ನರ್ಸು ಪಟ್ಟಿ ಬಿಚ್ಚಿದಳು. ಅತ್ತಿಗೆ ಹೆಬ್ಬೆರಳಿಗೆ ತೋರುಬೆರಳು ಉಜ್ಜಿಕೊಂಡು, ಲೆಕ್ಕದಮ್ಮನ ಕುಪ್ಪಸ ನೋಡಿ, "ಭುಜದ ಹತ್ತಿರ ಸರಿಯಾಗಿ ಕೂತಿಲ್ಲ, ಮನೆಗೆ ಬನ್ನಿ, ಸರಿ ಮಾಡಿಕೊಡ್ತೀನಿ," ಅಂದರು.

ನನ್ನ ಹತ್ತಿರ ಮಾತಾಡಲಿಲ್ಲ. ಬಸ್ಸಿನಲ್ಲಿ ಮಾತ್ರ ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು.

ಮಾರ್ಚ್ 28, ಗುರುವಾರ

ಎಂಟು ದಿನ ಬರೆಯಲು ಪುರುಸೊತ್ತಿರಲಿಲ್ಲ. ಹದಿಮೂರರಲ್ಲಿ ಒಂಬತ್ತು ಜನರದ್ದು ಡಬ್ಬಿಯಲ್ಲಿತ್ತು. ಆರು ಜನರಿಗೆ ಬದಲಾವಣೆ ಸಿಕ್ಕಿದೆ. ಶಾಲೆಯ ಬಸ್ಸು ಓಡಿಸುವವರು ಸೋಮವಾರದಿಂದ ಮಾತ್ರೆ ಶುರು ಮಾಡಿದ್ದಾರೆ. ಅಂಚೆ ಕಚೇರಿಯ ನಿವೃತ್ತ ಮೇಡಂ ಮಗಳ ಜೊತೆ ಬಂದು ಹೋದರು. ಈಜು ಕಲಿಸುವವರು ಡಿಸೆಂಬರಿನಲ್ಲೇ ತೀರಿಕೊಂಡಿದ್ದಾರೆ. ಅವರ ಹೆಂಡತಿಗೆ ಡಾಕ್ಟರಮ್ಮ ಫೋನು ಮಾಡಿ ಎಲ್ಲ ಹೇಳುವಾಗ ನಾನು ಎದುರಿಗೇ ಕೂತಿದ್ದೆ. ಆ ಹೆಂಗಸು ಏನೂ ಬೈಯಲಿಲ್ಲ. ಫೋನು ಇಟ್ಟರು ಅಷ್ಟೆ.

ನಿನ್ನೆ ಗಡಿಯಾರ ರಿಪೇರಿಯವರು ಬಂದಿದ್ದರು. ಆರು ಸಲ ಹನಿ ಔಷಧಿ ತೆಗೆದುಕೊಂಡಿದ್ದಾರೆ. "ಸಣ್ಣ ಸ್ಕ್ರೂ ಬೆರಳಿಗೆ ಗೊತ್ತಾಗ್ತಾ ಇಲ್ಲ ಅಮ್ಮ. ಮಾತ್ರೆ ತಗೊಂಡ್ರೆ ಅದೂ ವಾಪಸ್ ಬರುತ್ತಾ?" ಅಂತ ಕೇಳಿದರು. ಕತ್ತರಿಸಿದವಳು ನಾನೇ ಅಂದೆ. ಬೆರಳಿನ ವಿಷಯ ಗೊತ್ತಿಲ್ಲ, ಸುಳ್ಳು ಹೇಳಲಾರೆ ಅಂದೆ. ಅವರು ನನ್ನ ಕೈಗಳನ್ನೇ ನೋಡಿದರು. ಹೋಗುವಾಗ ಗೋಡೆಯ ಗಡಿಯಾರ ಏಳು ನಿಮಿಷ ಹಿಂದಿದೆ ಅಂದರು.

ಹೊಸ ಕ್ರಮವನ್ನು ಲೆಕ್ಕದಮ್ಮ, ನಾನು ಕೂತು ಬರೆದೆವು. ಸ್ಕ್ಯಾನ್ ಡಾಕ್ಟರು ಸೂಜಿ ಎಲ್ಲಿ ತಾಗಿತು ಅಂತ ಚಿತ್ರದ ಸಮೇತ ಕಳಿಸಬೇಕು. ಡಾಕ್ಟರಮ್ಮ ಎಳೆಯ ಅಳತೆ ನೋಡಿ ಸ್ಲೈಡು ಕೇಳಬೇಕು. ನಾನು ಜೀನಿಗೆ ಮೊದಲು ತೆಗೆಯಬೇಕು, ಕೊನೆಗೊಂದು ಪದರಕ್ಕೆ ಬಣ್ಣ ಹಾಕಿ ಗೆಡ್ಡೆ ಇದೆಯೋ ಮುಗಿಯಿತೋ ನೋಡಬೇಕು. ಹತ್ತೊಂಬತ್ತು ಹಂತ ಆಯಿತು. ಡಬ್ಬಿ ಇಪ್ಪತ್ತನೆಯದು, ಡಾಕ್ಟರಮ್ಮನೇ ಕಪಾಟು ಕೊಡಿಸಿದ್ದಾರೆ. ಇನ್ನು ನಮ್ಮ ಲ್ಯಾಬಿನಲ್ಲಿ ಇಂಥದ್ದು ನಡೆಯುವುದಿಲ್ಲ, ಅದನ್ನು ಧೈರ್ಯವಾಗಿ ಹೇಳಬಲ್ಲೆ.

ಡಬ್ಬಿಯಲ್ಲಿ ಸಿಗದ ನಾಲ್ವರಿಗೆ ಮತ್ತೆ ಸೂಜಿ ಹಾಕಬೇಕಾಗಿದೆ. ಅವರಲ್ಲಿ ಮೊದಲನೆಯವರ ಬ್ಲಾಕ್ ಇವತ್ತು ಬೆಳಿಗ್ಗೆ ಬಂತು, ಜೊತೆಗೆ ಸೂಜಿಯ ಚಿತ್ರ. ಯಂತ್ರಕ್ಕೆ ಹಾಕುವ ಮುಂಚೆ ಹೆಸರು ಓದಿದೆ. ಕೈ ನಡುಗಿತು. ಬ್ಲೇಡಿನಿಂದ ಕೈ ತೆಗೆದು, ನಡುಕ ನಿಲ್ಲುವವರೆಗೆ ಕೂತಿದ್ದೆ. ಆಮೇಲೆ ಕತ್ತರಿಸಿದೆ, ಮೊದಲ ಪದರಗಳು ಜೀನಿಗೆ.

ಸಂಜೆ ಮನೆಗೆ ಬಂದಾಗ ಹೊಲಿಗೆ ಯಂತ್ರ ಓಡುತ್ತಿತ್ತು. ತಲೆ ಎತ್ತದೆ ಅತ್ತಿಗೆ ಕೇಳಿದರು: "ಬಿಚ್ಚೋಕೆ ಇನ್ನೆಷ್ಟು ಉಳಿದವು, ಪುಟ್ಟಿ?"

"ಮೂರು," ಅಂದೆ.